ಯಾವ ಮಳೆಗೆ ಯಾವ ನೀರು: ಹಾವೇರಿ, ಗದಗ, ಧಾರವಾಡ ಕಡೆ ಗಾಳ ಹಾಕುವವರಿಗೆ

ಈಚೆಗೆ ಹುಬ್ಬಳ್ಳಿ ಹುಡುಗರ ಕೈಯಲ್ಲಿ ಒಳ್ಳೊಳ್ಳೆ ರಾಡು, ರೀಲು ಕಾಣುತ್ತಿವೆ. ಹಿಮಾಚಲದ ತೀರ್ಥನ್ ನದಿಯಲ್ಲೋ ಕಾಶ್ಮೀರದ ಲಿದ್ದರ್ ನದಿಯಲ್ಲೋ ಟ್ರೌಟ್ ಹಿಡಿಯುವ ವಿಡಿಯೋ ನೋಡುತ್ತಾರೆ. ಅದೇ ಸಾಮಾನು ತರಿಸುತ್ತಾರೆ. ಊರ ಕೆರೆ ದಂಡೆಗೆ ಹೋಗಿ ನಿಂತು, ಬರಿಗೈಲಿ ವಾಪಸ್ ಬರುತ್ತಾರೆ. ತಪ್ಪು ರಾಡಿನದಲ್ಲ. ಟ್ರೌಟ್ ತಣ್ಣೀರಿನ ಮೀನು. ನೀರು 10ರಿಂದ 16 ಡಿಗ್ರಿ ಆಸುಪಾಸು ಇದ್ದರೆ ಅದಕ್ಕೆ ಹಿತ, 20 ದಾಟಿದರೆ ಒದ್ದಾಟ ಶುರು. ನಮ್ಮ ಕೆರೆಗಳು ಏಪ್ರಿಲ್‌ನಲ್ಲಿ 30 ಡಿಗ್ರಿ ಮುಟ್ಟುತ್ತವೆ. ದಕ್ಷಿಣದಲ್ಲಿ ಟ್ರೌಟ್ ಬದುಕಿರುವುದು ನೀಲಗಿರಿ, ಮುನ್ನಾರ್‌ನಂಥ ಎತ್ತರದ ಜಾಗಗಳಲ್ಲಿ ಮಾತ್ರ.

ಆದರೂ ಟ್ರೌಟ್ ಹಿಡಿಯುವವರಿಂದ ಒಂದು ಪಾಠ ಕಲಿಯಬಹುದು. ಅವರು ಗಾಳಕ್ಕಿಂತ ಮೊದಲು ಕಾಲ ನೋಡುತ್ತಾರೆ. ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಯಾಕೆಂದರೆ ಅದು ಚಳಿಯಲ್ಲಿ ಮೊಟ್ಟೆ ಇಡುವ ಮೀನು. ನಮ್ಮ ಹೊಳೆ ಮೀನು ಹೆಚ್ಚಿನವು ಮೊಟ್ಟೆ ಇಡುವುದು ಮಳೆಗೆ. ಹಾಗಾಗಿ ನಮ್ಮ ಲೆಕ್ಕ ಪೂರ್ತಿ ತಿರುಗುಮುರುಗು. ಅವರು ಚಳಿಗೆ ಗಾಳ ಸುತ್ತಿಟ್ಟರೆ, ನಾವು ಹೊಳೆಯಲ್ಲಿ ಮುಂಗಾರಿಗೆ ಸುತ್ತಿಡಬೇಕು. ರೈತರು ಬಿತ್ತನೆಗೆ ನೋಡುವ ಮಳೆ ನಕ್ಷತ್ರಗಳನ್ನೇ ಇಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಇಂಗ್ಲಿಷ್ ತಿಂಗಳಿಗಿಂತ ಅದೇ ನೀರಿಗೆ ಚೆನ್ನಾಗಿ ಹೊಂದುತ್ತದೆ.

ಮೊದಲು ಕೇಳಿ, ಆಮೇಲೆ ಗಾಳ ಬಿಚ್ಚಿ

ಕೆರೆ ಊರಿನದು, ಮೀನು ದೇವರದು ಅಂತ ಅಂದುಕೊಂಡು ಕೂತರೆ ಜಗಳ ಗ್ಯಾರಂಟಿ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆ ಕೈಯಲ್ಲಿ, ಸಣ್ಣವು ಗ್ರಾಮ ಪಂಚಾಯಿತಿ ಕೈಯಲ್ಲಿ. ಎರಡನ್ನೂ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕೆರೆಯಲ್ಲಿರುವ ಅಂಥ ಮೀನೆಲ್ಲ ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟದ್ದು. ಗುತ್ತಿಗೆ ಹಿಡಿದವರನ್ನು ಹುಡುಕಿ, "ಅಣ್ಣಾ, ಒಂದ್ ಗಾಳ ಹಾಕ್ತೀನ್ರಿ" ಅಂತ ಕೇಳಿ. ಎಷ್ಟೋ ಜನ ಒಂದಿಷ್ಟು ದುಡ್ಡು ತಗೊಂಡು ಬಿಡುತ್ತಾರೆ. ಹೊಳೆಗಾದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಲೈಸೆನ್ಸ್ ಬಗ್ಗೆ ವಿಚಾರಿಸಿ. ಮಳೆಗಾಲದಲ್ಲಿ ನಿಷೇಧದ ಆದೇಶ ಏನಾದರೂ ಇದೆಯಾ ಅನ್ನುವುದನ್ನೂ ಅಲ್ಲೇ ಕೇಳಿಬಿಡಿ.

ಕೆಲವು ಕಡೆ ಕೇಳುವ ಪ್ರಶ್ನೆಯೇ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ಪಕ್ಷಿಗಳ ಜಾಗ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿಗೆ ಬೈನಾಕ್ಯುಲರ್ ಒಯ್ಯಿರಿ, ಗಾಳ ಬೇಡ. ಕುಡಿಯುವ ನೀರಿಗೆ ಕಟ್ಟಿದ ಕಲಘಟಗಿ ಕಡೆಯ ನೀರಸಾಗರದಂಥ ಜಲಾಶಯಗಳನ್ನೂ ಬಿಟ್ಟುಬಿಡಿ. ಇನ್ನು ಉಣಕಲ್ ಕೆರೆಯಂಥ ಊರೊಳಗಿನ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ. ಅಲ್ಲಿಯ ಮೀನನ್ನು ನಾನಂತೂ ತಿನ್ನುವುದಿಲ್ಲ.

ನೀರನ್ನು ನೋಡುವ ರೀತಿ

ದಂಡೆಗೆ ಹೋದ ಕೂಡಲೇ ಗಾಳ ಎಸೆಯಬೇಡಿ. ಹತ್ತು ನಿಮಿಷ ಸುಮ್ನೆ ನೋಡಿ. ಆಮೇಲೆ ಮೊಳಕೈವರೆಗೆ ಕೈ ಮುಳುಗಿಸಿ. ಮೀನು ಸಾಕುವವರು ಕೊಳದಲ್ಲಿ ಮಾಡುವ ಪರೀಕ್ಷೆ ಇದು. ಮೊಳಕೈ ಮುಳುಗುವ ಹೊತ್ತಿಗೆ ಬೆರಳು ಆಗಷ್ಟೇ ಮಾಯವಾಗುತ್ತಿದ್ದರೆ ನೀರು ಚೆನ್ನಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಿದ್ದರೆ ಎರಡು ಅರ್ಥ. ನೀರು ಕೆಂಪು ಅಥವಾ ಕಂದು ಇದ್ದರೆ ಮಣ್ಣು ಬಂದಿದೆ, ಮೀನಿಗೆ ನಿಮ್ಮ ಎರೆ ಕಾಣುವುದಿಲ್ಲ. ಆಗ ವಾಸನೆ ಜಾಸ್ತಿ ಇರುವ ಎರೆ ಬೇಕು. ನೀರು ಗಟ್ಟಿ ಹಸಿರು ಇದ್ದರೆ ಪಾಚಿ ವಿಪರೀತ ಆಗಿದೆ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಆಮ್ಲಜನಕ ಎಳೆದುಕೊಳ್ಳುತ್ತದೆ. ಆದ್ದರಿಂದ ಅಂಥ ಕೆರೆಯಲ್ಲಿ ನಸುಕಿನಲ್ಲಿ ಮೀನು ಉಸಿರಿಗೆ ಒದ್ದಾಡುತ್ತಿರುತ್ತದೆ, ತಿನ್ನುವ ಮಾತೇ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹೋಗಬೇಕು ಅನ್ನುವ ನಿಯಮ ಎಲ್ಲ ಕೆರೆಗೂ ಸಲ್ಲುವುದಿಲ್ಲ. ಹಸಿರು ಕೆರೆಗೆ ಒಂಬತ್ತಕ್ಕೆ ಹೋದರೂ ನಡೆಯುತ್ತದೆ.

ಎರಡನೆಯದು ಗಾಳಿ. ಇದನ್ನು ನಮ್ಮ ಕಡೆ ತುಂಬಾ ಜನ ಲೆಕ್ಕಕ್ಕೇ ಇಡುವುದಿಲ್ಲ. ಕೆರೆಯ ಮೇಲೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿದ್ದರೆ ಮೇಲಿನ ಪದರದ ನೀರು, ಹುಳ, ಪಾಚಿ ಎಲ್ಲ ಎದುರು ದಂಡೆಗೆ ತಳ್ಳಿಕೊಂಡು ಹೋಗುತ್ತವೆ. ಮೀನೂ ಹಿಂದೆಯೇ ಹೋಗುತ್ತದೆ. ಅಲೆ ಬಡಿಯುವ ದಂಡೆಯಲ್ಲಿ ಕೂರಬೇಕು, ಗಾಳಿ ಮುಖಕ್ಕೆ ಹೊಡೆದರೂ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ, ಆಗ ಕೆರೆಯ ಮೂಡಣ ದಂಡೆ. ಡಿಸೆಂಬರ್, ಜನವರಿಯಲ್ಲಿ ಮೂಡಗಾಳಿ, ಆಗ ಪಡುವಣ ದಂಡೆ. ಡಂಬಳದ ದೊಡ್ಡ ಕೆರೆಗೆ ಹೋಗುವವರು ದಾರಿಯಲ್ಲಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರ ಯಾವ ಕಡೆ ಮುಖ ಮಾಡಿವೆ ನೋಡಿದರೆ ಸಾಕು, ಯಾವ ದಂಡೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ: ಅವು ಮುಖ ಮಾಡುವುದು ಗಾಳಿ ಬರುವ ಕಡೆಗೆ, ನಿಮ್ಮದು ಅದರ ಎದುರಿನ ದಂಡೆ.

ಮಿರಗ, ಆರಿದ್ರಾ: ಹೊಳೆ ಬಿಡಿ

ಜೂನ್ ಮೊದಲ ವಾರ ಕಳೆದ ಮೇಲೆ ಮಿರಗ ಕೂಡುತ್ತದೆ. ಇಲ್ಲಿ ಮಳೆ ಬರಲಿ ಬಿಡಲಿ, ಮಲೆನಾಡಿನಲ್ಲಿ ಹೊಡೆದರೆ ತುಂಗಭದ್ರೆಗೆ ಹೊಸ ನೀರು ಬರುತ್ತದೆ. ಶಿವಮೊಗ್ಗದ ಗಾಜನೂರು ಅಣೆಕಟ್ಟೆಯ ಗೇಟು ತೆಗೆದರು ಅಂತ ಸುದ್ದಿ ಬಂದರೆ, ರಾಣೇಬೆನ್ನೂರು, ಹಾವೇರಿ ಕಡೆ ಹೊಳೆ ಏರುವುದಕ್ಕೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ವರದೆಯೂ ಹಾಗೇ. ಅದು ಸಾಗರದ ಕಡೆ ಹುಟ್ಟಿ ಬನವಾಸಿ ಮೇಲೆ ಹರಿದು ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಸಾಗರದಲ್ಲಿ ಮಳೆ ಹಿಡಿದರೆ ಹಾನಗಲ್ಲಿನಲ್ಲಿ ಬಿಸಿಲಿದ್ದರೂ ಹೊಳೆ ತುಂಬುತ್ತದೆ.

ಈ ಹೊಸ ನೀರಿಗೆ ಮೀನು ಹುಚ್ಚೆದ್ದು ದಂಡೆಗೆ, ಹಳ್ಳದ ಬಾಯಿಗೆ, ಗದ್ದೆಗೆ ಹತ್ತುತ್ತದೆ. ಹಿಡಿಯುವುದು ಸುಲಭ. ಸುಲಭ ಅಂತಲೇ ಎಲ್ಲರೂ ಕೊಡಲಿ, ಬುಟ್ಟಿ, ಸೊಳ್ಳೆಪರದೆ ಹಿಡಿದು ಓಡುತ್ತಾರೆ. ಗಳಗನಾಥದ ಹತ್ತಿರ ಬಲೆ ಬೀಸುವ ಹಿರಿಯರೊಬ್ಬರು ಹೇಳಿದ ಮಾತು ನೆನಪಿದೆ: "ಹೊಸ ನೀರಾಗ ಮೀನ ತಾನ ದಂಡಿಗೆ ಬರ್ತೈತಿ ತಮ್ಮಾ. ಆದ್ರ ಅದರ ಹೊಟ್ಟ್ಯಾಗ ತತ್ತಿ ಇರ್ತೈತಿ. ಈಗ ಒಂದ ಹಿಡದ್ರ ದೀಪಾವಳಿಗೆ ಸಾವಿರ ಹೋತು." ಲೆಕ್ಕದಲ್ಲಿ ಅವರು ಕಡಿಮೆಯೇ ಹೇಳಿದರು. ದೊಡ್ಡ ರೋಹು ಒಂದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಈ ಎರಡು ಮಳೆ, ಸಾಧ್ಯವಾದರೆ ಪುನರ್ವಸು ಮುಗಿಯುವವರೆಗೂ, ಹೊಳೆಗೆ ಗಾಳ ಹಾಕಬೇಡಿ. ಸರ್ಕಾರ ಹೇಳಲಿ ಹೇಳದಿರಲಿ.

ಕೆರೆಗೆ ಹೋಗಬಹುದಾ? ಹೋಗಬಹುದು, ಆದರೆ ಮೊದಲ ದೊಡ್ಡ ಮಳೆ ಆದ ಮರುದಿನ ಬೇಡ. ಬೇಸಿಗೆಯೆಲ್ಲ ತಳದಲ್ಲಿ ಕೂತಿದ್ದ ಕೊಳೆ ಕದಡಿ, ದಂಡೆಯ ಸಗಣಿ, ಕಸ ತೊಳೆದು ಬಂದು ಆಮ್ಲಜನಕ ದಿಢೀರ್ ಇಳಿಯುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ್ದು. ಒಂದು ವಾರ ಬಿಟ್ಟು ಹೋಗಿ.

ಬೆಣ್ಣೆಹಳ್ಳದ ಬಗ್ಗೆ ಬೇರೆಯಾಗಿ ಹೇಳಬೇಕು. ಶಿಗ್ಗಾವಿ ಕಡೆಯಿಂದ ಬಂದು ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆ ದಾಟಿ ಮಲಪ್ರಭೆಗೆ ಸೇರುವ ಹಳ್ಳ ಅದು. ನೋಡುವುದಕ್ಕೆ ಬಡಕಲು. ಆದರೆ ಎರೆ ಭೂಮಿ ಒಂದು ಸಲ ನೀರು ಕುಡಿದು ತುಂಬಿತೆಂದರೆ ಮತ್ತೆ ಇಂಗಿಸಿಕೊಳ್ಳುವುದಿಲ್ಲ, ಬಿದ್ದ ಮಳೆಯೆಲ್ಲ ಹಳ್ಳಕ್ಕೇ. ಗಂಟೆಯೊಳಗೆ ಹಳ್ಳ ಉಕ್ಕುತ್ತದೆ. ಮಳೆಗಾಲದಲ್ಲಿ ಅದರ ಪಾತ್ರದೊಳಗೆ ಇಳಿದು ಕೂರಲೇಬೇಡಿ. ಮಲಪ್ರಭೆಯ ದಂಡೆಯವರಿಗೆ, ಅದರಲ್ಲೂ ಕೊಣ್ಣೂರು, ಹೊಳೆಆಲೂರಿನವರಿಗೆ, 2019ರ ಆಗಸ್ಟ್ ನೆರೆ ಮರೆತಿಲ್ಲ. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ಕೇಳಿಯೇ ಆ ಕಡೆ ಹೊರಡಿ.

ಆಶ್ಲೇಷಾದಿಂದ ಉತ್ತರಿವರೆಗೆ: ಕೆರೆಯ ಕಾಲ

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೆರೆ ತುಂಬಿರುತ್ತದೆ, ಹೊಳೆ ಇನ್ನೂ ಕೆಂಪು. ತುಂಬಿದ ಕೆರೆಯಲ್ಲಿ ನಡುನೀರಿಗೆ ಎಸೆಯುವ ಚಟ ಬಿಡಿ. ಹೊಸದಾಗಿ ನೀರು ಏರಿದ ಅಂಚಿನಲ್ಲಿ ಹುಲ್ಲು ಮುಳುಗಿರುತ್ತದೆ, ಹುಳ ಇರುತ್ತವೆ. ಸಾಮಾನ್ಯ ಗೆಂಡೆ, ತಿಲಾಪಿಯಾ ಮೊಣಕಾಲುದ್ದ ನೀರಿಗೂ ಬರುತ್ತವೆ. ಎರೆಹುಳ ಎಲ್ಲಕ್ಕಿಂತ ವಾಸಿ, ಮಳೆಗೆ ಸಿಗುವುದೂ ಸುಲಭ.

ಹಿರೇಕೆರೂರು ಕಡೆಯ ಮದಗ ಮಾಸೂರು ಕೆರೆಯನ್ನು ಈ ಕಾಲದಲ್ಲಿ ಒಮ್ಮೆ ನೋಡಿ. ಸುತ್ತ ಗುಡ್ಡ, ಒಳಗೆ ಕುಮುದ್ವತಿಯ ನೀರು. ಗುಡ್ಡದ ನಡುವಿನ ಕೆರೆ ಬೇಕು ಅನ್ನುವವರಿಗೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಕೋಡಿ ಹರಿಯುವಾಗ ಕಲ್ಲಿನ ಮೇಲೆ ಮಾತ್ರ ಹೋಗಬೇಡಿ, ವಿಪರೀತ ಜಾರುತ್ತದೆ.

ಕೊರಮೀನು ಹಿಡಿಯುವವರು ಒಂದು ವಿಷಯ ತಿಳಿದಿರಬೇಕು. ಮಳೆಗಾಲದಲ್ಲಿ ಜೊಂಡಿನ ಪಕ್ಕ ನೀರಿನ ಮೇಲ್ಭಾಗದಲ್ಲಿ ಕೆಂಪು ಕೆಂಪಾಗಿ ಸಣ್ಣ ಮರಿಗಳ ಗುಂಪು ಕುದಿಯುತ್ತಿರುವಂತೆ ಕಂಡರೆ, ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಏನು ಎಸೆದರೂ ಅವು ಸಿಟ್ಟಿಗೆ ಕಚ್ಚುತ್ತವೆ. ಎಸೆಯಬೇಡಿ. ಕಾವಲು ಹೋದರೆ ಬೇರೆ ಮೀನು ಬಂದು ಮರಿಗಳನ್ನು ಸ್ವಲ್ಪ ಹೊತ್ತಿನಲ್ಲೇ ತಿಂದು ಹಾಕುತ್ತವೆ.

ಹಸ್ತ, ಚಿತ್ತಿ, ಸ್ವಾತಿ: ಹೊಳೆಗೆ ಹೊರಡಿ

ಸೆಪ್ಟೆಂಬರ್ ಕೊನೆಗೆ ಹಸ್ತ ಕೂಡುತ್ತದೆ. ಸ್ವಾತಿ ಮುಗಿಯುವುದು ನವೆಂಬರ್ ಮೊದಲ ವಾರಕ್ಕೆ. ವರ್ಷದಲ್ಲಿ ಒಂದೇ ಹಂಗಾಮು ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಹೊಳೆಯ ನೀರು ಇಳಿಯುತ್ತಾ ತಿಳಿಯಾಗುತ್ತಾ ಬರುತ್ತದೆ. ನೀರಿನ ಬಿಸಿ 25ರಿಂದ 28 ಡಿಗ್ರಿ ಇರುತ್ತದೆ, ಕಾಟ್ಲಾ, ರೋಹುಗೆ ಹೊಟ್ಟೆ ಹಸಿಯುವ ಹದ. ಮೊಟ್ಟೆ ಇಟ್ಟು ಸೊರಗಿದ ಮೀನು ಈಗ ಮೈ ತುಂಬಿಸಿಕೊಳ್ಳಲು ತಿನ್ನುತ್ತದೆ.

ತುಂಗಭದ್ರೆಯಲ್ಲಿ ಎಲ್ಲಿ ಕೂರಬೇಕು? ಹರಿವು ನೇರವಾಗಿರುವಲ್ಲಿ ಬೇಡ. ಬಂಡೆಯ ಕೆಳಬದಿ, ಹೊಳೆ ತಿರುಗುವ ಹೊರಮಗ್ಗುಲು, ಹಳ್ಳ ಬಂದು ಸೇರುವ ಮೂಲೆ, ಸುಳಿ ಸುತ್ತಿ ನಿಧಾನವಾಗುವ ಅಂಚು. ಓಡುವ ನೀರು ತಿಂಡಿ ತರುತ್ತದೆ, ನಿಂತ ನೀರಿನಲ್ಲಿ ಮೀನು ದಣಿಯದೆ ಕಾಯುತ್ತದೆ. ಇವೆರಡೂ ಕೂಡುವ ಗೆರೆ ನೀರಿನ ಮೇಲೆ ನೊರೆಯಾಗಿ ಕಾಣುತ್ತದೆ. ಗಾಳ ಆ ನೊರೆಗೆರೆಯ ಮೇಲೆ ಬೀಳಬೇಕು. ಟ್ರೌಟ್ ಹಿಡಿಯುವವರು ಹುಡುಕುವುದೂ ಇದೇ ಗೆರೆಯನ್ನು. ಮುಂಡರಗಿ ತಾಲ್ಲೂಕಿನಲ್ಲಿ ಹಮ್ಮಿಗಿ ಬ್ಯಾರೇಜಿನ ಹಿನ್ನೀರು ಹೊಳೆಗಿಂತ ಕೆರೆಯ ಥರ ವರ್ತಿಸುತ್ತದೆ, ಅಲ್ಲಿ ಮೇಲೆ ಹೇಳಿದ ಗಾಳಿ ಲೆಕ್ಕ ಹಿಡಿಯಿರಿ. ಬ್ಯಾರೇಜಿನ ಗೇಟಿನ ಕೆಳಗಡೆ ಮಾತ್ರ ಯಾವ ಕಾಲಕ್ಕೂ ನಿಲ್ಲಬೇಡಿ.

ಎರೆಗೆ ಪೇಟೆ ಅಲೆಯಬೇಕಿಲ್ಲ. ಹಾವೇರಿ ಜಿಲ್ಲೆ ಗೋವಿನಜೋಳದ ಕಣಜ, ಕಟಾವು ಶುರುವಾಗುವುದೂ ಇದೇ ಹೊತ್ತಿಗೆ. ಕಾಳನ್ನು ರಾತ್ರಿ ನೆನೆಸಿ, ಉಗುರು ನಾಟುವಷ್ಟು ಕುದಿಸಿ. ಸಾಮಾನ್ಯ ಗೆಂಡೆ ಇದನ್ನು ಬಿಡುವುದೇ ಇಲ್ಲ. ರೋಹು, ಮೃಗಾಲ್‌ಗೆ ಶೇಂಗಾ ಹಿಂಡಿ ಪುಡಿ, ಅಕ್ಕಿ ತೌಡು, ಗೋಧಿ ಹಿಟ್ಟು, ಸ್ವಲ್ಪ ಬೆಲ್ಲ ಸೇರಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಮೊದಲು ಅದರ ನಾಲ್ಕೈದು ಉಂಡೆಗಳನ್ನು ಒಂದೇ ಜಾಗಕ್ಕೆ ಎಸೆದು ಅರ್ಧ ಗಂಟೆ ಕಾಯಿರಿ. ಆಮೇಲೆ ಅದೇ ಜಾಗಕ್ಕೆ ಗಾಳ. ಜಾಸ್ತಿ ಎಸೆದರೆ ಮೀನಿನ ಹೊಟ್ಟೆ ತುಂಬಿ ನಿಮ್ಮದು ಖಾಲಿ.

ಆಳವೂ ಮುಖ್ಯ. ಕಾಟ್ಲಾ ಮೇಲ್ಪದರದ ಮೀನು, ಬೆಂಡನ್ನು ಗಾಳದಿಂದ ಎರಡು ಮೂರು ಅಡಿಗೆ ಕಟ್ಟಿ. ರೋಹುಗೆ ನಡುನೀರು. ಮೃಗಾಲ್, ಸಾಮಾನ್ಯ ಗೆಂಡೆಗೆ ಸೀಸದ ಗುಂಡು ತಳ ಮುಟ್ಟಲೇಬೇಕು. ಗಾಳ 6 ಅಥವಾ 8ನೇ ನಂಬರ್, ಸಣ್ಣ ಮೀನಿಗೆ 12. ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣದು ಅನ್ನುವುದು ನೆನಪಿರಲಿ. ನೈಲಾನ್ ದಾರ 0.30 ಮಿಲಿಮೀಟರ್ ಇದ್ದರೆ ನಮ್ಮ ಕಡೆಯ ಬಹುತೇಕ ಮೀನಿಗೆ ಸಾಕು. ಬೆಂಡು ನಡುಗಿದ ಕೂಡಲೇ ಜಗ್ಗಬೇಡಿ. ಪಕ್ಕಕ್ಕೆ ಸರಿಯಲಿ, ಅಥವಾ ಮುಳುಗಲಿ, ಆಗ ಮಣಿಕಟ್ಟಿನಿಂದ ಒಂದು ಜಗ್ಗು. ಹೊಲದಲ್ಲಿ ಕಳೆ ಕಿತ್ತಂತೆ ಎರಡೂ ಕೈಯಲ್ಲಿ ಕಿತ್ತರೆ ಬಾಯಿ ಹರಿದು ಮೀನು ಹೋಗುತ್ತದೆ.

ಚಳಿಗೆ ಬೇಗ ಏಳಬೇಡಿ

ಡಿಸೆಂಬರ್, ಜನವರಿಯಲ್ಲಿ ಧಾರವಾಡದ ನಸುಕು ಹಿತ, ಮೀನಿಗೆ ಅಲ್ಲ. ನೀರು 20 ಡಿಗ್ರಿ ಹತ್ತಿರ ಇಳಿದರೆ ಕಾಟ್ಲಾ, ರೋಹು ತಿನ್ನುವುದು ಅರ್ಧಕ್ಕರ್ಧ ಕಡಿಮೆ. ಮನೆಯಲ್ಲಿ ಆರಾಮಾಗಿ ತಿಂಡಿ ತಿಂದು, ಹನ್ನೊಂದರ ಮೇಲೆ ಹೋಗಿ, ಬಿಸಿಲು ಬೀಳುವ ಆಳವಿಲ್ಲದ ಮಗ್ಗುಲು ಹಿಡಿಯಿರಿ. ನಾಲ್ಕು ಗಂಟೆವರೆಗೆ ಕೂತರೆ ಸಾಕು. ಉಂಡೆ ಚಿಕ್ಕದಿರಲಿ. ಜನವರಿಯಿಂದ ಮಾರ್ಚ್‌ವರೆಗೆ ಸಾಮಾನ್ಯ ಗೆಂಡೆ ಕೆರೆಯಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ಜೊಂಡಿನಲ್ಲಿ ಪಟಪಟ ಸದ್ದು ಕೇಳಿದರೆ ಆ ಜಾಗ ಬಿಟ್ಟು ಕೂರಿ.

ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಚಳಿಯಲ್ಲಿ ಮೈ ಕಾಯಿಸಲು ಬಂಡೆ, ಮರಳುದಿಬ್ಬಕ್ಕೆ ಹತ್ತುತ್ತವೆ. ನೀವು ಹುಡುಕುವ ಬಿಸಿಲಿನ ಮಗ್ಗುಲನ್ನೇ ಅವೂ ಹುಡುಕುತ್ತವೆ. ಊರವರನ್ನು ಕೇಳದೆ ದಿಬ್ಬಕ್ಕೆ ಹೋಗಬೇಡಿ, ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮೀನು ತೊಳೆಯಬೇಡಿ.

ಬೇಸಿಗೆ

ಮಾರ್ಚ್ ಬಂದರೆ ವರದೆಯ ಹರಿವು ನಿಂತು ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತದೆ. ಹೊಳೆಯ ಮೀನೆಲ್ಲ ಆ ಮಡುಗಳಲ್ಲಿ. ಗಾಳ ಹಾಕಿದರೆ ಸಿಗುತ್ತದೆ, ಆದರೆ ಮುಂದಿನ ಮಳೆಗೆ ಹೊಳೆ ತುಂಬುವ ಬೀಜದ ಮೀನು ಅವೇ. ನನ್ನ ಮಟ್ಟಿಗೆ ಮಡು ಮುಟ್ಟುವುದಿಲ್ಲ. ಅಲ್ಲಿಗೆ ಮದ್ದು ಹಾಕಿ ಸಿಡಿಸುವವರು, ವಿಷ ಕದಡುವವರು, ಕರೆಂಟು ಬಿಡುವವರು ಬರುತ್ತಾರೆ. ಮದ್ದು, ವಿಷ ಎರಡೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ಕಂಡರೆ ಪೊಲೀಸರಿಗೆ ಫೋನ್ ಮಾಡಿ, ನೀವೇ ಎದುರು ಹೋಗಬೇಡಿ.

ಹಾಗಾದರೆ ಬೇಸಿಗೆಗೆ ಎಲ್ಲಿ? ಆಳ ಇರುವ ಕೆರೆ, ಇಲ್ಲವೇ ಬ್ಯಾರೇಜ್ ಹಿನ್ನೀರು. 20 ಡಿಗ್ರಿಯ ನೀರು ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು ಏಳೂವರೆ ಅಷ್ಟೇ. ಮಧ್ಯಾಹ್ನ ಮೀನು ಆಳಕ್ಕೆ, ನೆರಳಿಗೆ ಸರಿಯುತ್ತದೆ. ಸೂರ್ಯ ಇಳಿದ ಮೇಲಿನ ಎರಡು ಗಂಟೆ ಒಳ್ಳೆಯದು. ಹಾವೇರಿ, ಗದಗ ಊರುಗಳಿಗೆ ಕುಡಿಯುವ ನೀರಿಗಾಗಿ ಭದ್ರಾ ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಡುವುದುಂಟು. ಆ ನೀರು ಬಂದ ಒಂದೆರಡು ದಿನ ತುಂಗಭದ್ರೆಯ ಮೀನು ಚುರುಕಾಗುತ್ತದೆ, ಪೇಪರ್ ನೋಡುತ್ತಿರಿ. ಕೊರಮೀನು, ಚೇಳುಮೀನು ಗಾಳಿಯನ್ನೇ ಉಸಿರಾಡಬಲ್ಲವು, ಅವಕ್ಕೆ ಬಿಸಿನೀರಿನ ಗೋಜಿಲ್ಲ. ಮಿಂಚು ಗುಡುಗು ಕಂಡ ಕೂಡಲೇ ಮಾತ್ರ ರಾಡು ಕೆಳಗಿಟ್ಟು ದಂಡೆ ಬಿಡಿ. ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ. ಹೊಳೆದಂಡೆಯ ಪಂಪ್‌ಸೆಟ್ ತಂತಿಗಳ ಕೆಳಗೂ ಅದೇ ಅಪಾಯ, ಎಸೆಯುವ ಮೊದಲು ತಲೆ ಎತ್ತಿ ನೋಡಿ.

ಕೃಷಿ ಹೊಂಡದಲ್ಲಿ ಮೀನು ಬಿಟ್ಟ ರೈತರು ಕರೆದರೆ ಖುಷಿಯಿಂದ ಹೋಗಿ, ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿದರೆ ಈಜು ಬಂದವರೂ ಹತ್ತಿ ಬರುವುದು ಕಷ್ಟ. ಗೂಟಕ್ಕೆ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟೇ ಗಾಳ ಬಿಚ್ಚಿ. ತುಂಗಭದ್ರೆಯಲ್ಲಿ ಮರಳು ತೆಗೆದ ಗುಂಡಿಗಳೂ ಹಾಗೇ, ಮೊಣಕಾಲುದ್ದ ನೀರು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು.

ಹಿಡಿದ ಮೇಲೆ

ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣಗೈ ಮೀನಿನ ಮೈಯ ಲೋಳೆ ತೆಗೆಯುತ್ತದೆ. ಅಂಗೈಗಿಂತ ಚಿಕ್ಕ ರೋಹು, ಕಾಟ್ಲಾ ವಾಪಸ್ ಬಿಡಿ. ಬಾಳೆಮೀನು ಹೊಳೆಗಳಲ್ಲಿ ಕಡಿಮೆಯಾಗುತ್ತಿದೆ, ಅದನ್ನೂ ಬಿಡುವುದೇ ಸರಿ. ಗಿರ್ಲು, ಚೇಳುಮೀನಿನ ಮುಳ್ಳು ಚುಚ್ಚಿದರೆ ತಾಳುವಷ್ಟು ಬಿಸಿ ನೀರಿನಲ್ಲಿ ಕೈ ಮುಳುಗಿಸಿಡಿ, ನೋವು ಇಳಿಯುತ್ತದೆ. ಇಳಿಯದಿದ್ದರೆ, ಊತ ಏರಿದರೆ ಡಾಕ್ಟರ ಹತ್ತಿರ ಹೋಗಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಪಾಪ ಅಂತ ನೀರಿಗೆ ಬಿಡಬೇಡಿ. ಅದನ್ನು ಸಾಕುವುದೇ ನಿಷೇಧ, ಊರ ಮೀನಿನ ಮರಿಗಳನ್ನೆಲ್ಲ ಅದು ತಿನ್ನುತ್ತದೆ. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಟ್ಟರೆ ಕೊಕ್ಕರೆಯ ಕಾಲಿಗೆ, ಮೇಯುವ ಎಮ್ಮೆಯ ಬಾಯಿಗೆ ಸುತ್ತಿಕೊಳ್ಳುತ್ತದೆ. ಒಂದು ಖಾಲಿ ಬಾಟಲಿ ಚೀಲದಲ್ಲಿರಲಿ, ತುಂಡುಗಳನ್ನು ಅದರೊಳಗೆ ತುರುಕಿ ಮನೆಗೆ ತನ್ನಿ.